ಬೇಡ ಎನ್ನುವವನು

ಟ್ರೋಮ್ಸೋದ ಪ್ರಯೋಗಾಲಯದ ನಾಲ್ಕನೆಯ ಮಹಡಿಯಲ್ಲಿ
ನನ್ನ ಕೆಲಸ ಕೊಯ್ಯುವುದು:
ಇಲಿಮರಿಯ ಕಣ್ಣು, ಮೆಣಸಿನ ಕಾಳಿಗಿಂತ ಚಿಕ್ಕದು,
ಹೆಪ್ಪುಗಟ್ಟಿಸಿ, ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗೆ.
ಗಾಜಿನ ಮೇಲೆ ಹಾಸಿ ಬಣ್ಣ ಹನಿಸಿದರೆ
ಕತ್ತಲಿಗೆಂದು ನೇಮಕಗೊಂಡ ಕಡ್ಡಿಕೋಶಗಳು ಸಾಲುಸಾಲು,
ಅಲ್ಲೊಂದು ಇಲ್ಲೊಂದು ಹಗಲಿನ ಶಂಕು.

ನೇಮಕ ಮಾಡುವವರು ಯಾರು ಎಂದು
ಒಮ್ಮೆ ಊಟದ ಹೊತ್ತಿನಲ್ಲಿ ಕೇಳಿದೆ.
ಡಾಕ್ಟರ್ ಟೂರುನ್ ಬ್ರೆಡ್ಡಿನ ಚೂರು ಕೆಳಗಿಟ್ಟಳು:
ಇನ್ನೂ ಏನೂ ಆಗದ ಕೋಶವನ್ನು
ಅದರ ಪಾಡಿಗೆ ಬಿಟ್ಟರೆ, ರಾವ್ನಾ,
ನೀಲಿ ಕಾಣುವ ಶಂಕುವೇ ಆಗಲು ಹೊರಡುತ್ತದೆ.
ಒಂದು ಪ್ರೋಟೀನು ಬಂದು ಹೆಗಲು ಮುಟ್ಟಿ
ನೀನು ಇರುಳಿನ ಪಾಲು ಅನ್ನಬೇಕು.
ಅದರ ಬೆನ್ನಿಗೇ ಇನ್ನೊಬ್ಬ,
ಹಗಲಿನ ಜೀನುಗಳ ಬಾಗಿಲಲ್ಲಿ ಕೂತು
ಬೇಡ, ಬೇಡ, ಬೇಡ ಅನ್ನುತ್ತಿರಬೇಕು
ಬದುಕಿರುವ ತನಕ.

ನನ್ನ ತಮ್ಮನ ಮಗ ಇಸ್ಸಾತನಲ್ಲಿ
ಬಾಗಿಲಿಗೆ ಬಂದವನಿಗೆ ನಾಲಗೆಯೇ ಇಲ್ಲ.
ಅಪ್ಪನಿಂದ ಒಂದು ತಪ್ಪಕ್ಷರ, ಅಮ್ಮನಿಂದ ಒಂದು.
ಇಬ್ಬರಿಗೂ ಏನೂ ಆಗಿಲ್ಲ.

ಕೌಟೊಕೈನೊದಲ್ಲಿ ಸೂರ್ಯ ಏಳದ ವಾರಗಳು.
ಹಿಮಸಾರಂಗಗಳ ಹಿಂಡು ನೋಡಲು
ಎಲ್ಲರೂ ದೀಪವಿಲ್ಲದೆ ಹೋಗುವಾಗ
ಅವನು ಜಾರುಬಂಡಿಯ ಹಗ್ಗ ಹಿಡಿದು
ತಾತನ ಹೆಜ್ಜೆಸದ್ದಿಗೆ ಕಿವಿಗೊಟ್ಟು ನಡೆಯುತ್ತಿದ್ದ.
ಸೋಮಾರಿ ಅಂದೆವು. ಪುಕ್ಕಲ ಅಂದೆವು.
ಒಂಬತ್ತು ವರ್ಷ ಅಂದೆವು,
ನಾನೂ,
ದಿನಕ್ಕೆ ನಲವತ್ತು ಕಣ್ಣು ಕೊಯ್ಯುವವಳು.

ಮೊನ್ನೆ ನಡುಮಧ್ಯಾಹ್ನ.
ದಿಗಂತದ ಕೆಳಗೇ ಉಳಿದ ಸೂರ್ಯ
ಹಿಮದ ಮೇಲೆಲ್ಲ ನೀಲಿ ಬಸಿದ ಒಂದು ಗಳಿಗೆ.
ನಮಗೆ ಅದು ಬರೀ ಮಬ್ಬು.
ಇಸ್ಸಾತ್ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ:
ಅತ್ತೆ, ಯಾಕೆ ಇಷ್ಟೊಂದು ಹೊಳೀತಿದೆ?

ಉತ್ತರ ಗೊತ್ತಿತ್ತು ನನಗೆ.
ಇರುಳ ಪಾಳಿಗೆ ಹೋಗಬೇಕಿದ್ದವು
ಗುಂಪುಗುಂಪಾಗಿ ನೀಲಿಯ ಕಡೆ ಸೇರಿವೆ, ಮಗೂ,
ತಡೆಯುವವರಿರಲಿಲ್ಲ ಎನ್ನಬಹುದಿತ್ತು.
ಬಾಯಿಗೆ ಬಂದದ್ದು ಬೇರೆ:
ನನಗೆ ಕಾಣುತ್ತಿಲ್ಲ. ಎಲ್ಲಿ ಹೊಳೀತಿದೆ ಹೇಳು.

ಹೇಳತೊಡಗಿದ.
ಕಂಬದ ನೆರಳಿನ ಅಂಚು, ಬೇಲಿಯಾಚೆಯ ಇಳಿಜಾರು,
ಹೋರಿಯ ಉಸಿರು, ತನ್ನದೇ ಕೈಗವಸು...
ಹಗ್ಗ ಬಿಗಿಯುತ್ತಿದ್ದ ತಾತ ಗಂಟು ಅರ್ಧಕ್ಕೆ ಬಿಟ್ಟು
ಅತ್ತ ಇತ್ತ ನೋಡಿದ,
ಏನೋ ಕಳಕೊಂಡವನ ಹಾಗೆ.

ಎರಡು ಗಂಟೆಗೆ ಇದ್ದ ಬೆಳಕೂ ಹೋಯಿತು.
ಹುಡುಗ ಮಾತು ನಿಲ್ಲಿಸಲಿಲ್ಲ.
ಅವನ ಕೈ ಮಾತ್ರ ಗಾಳಿಯಲ್ಲಿ ಎರಡು ಸಲ ತಡಕಾಡಿ
ನನ್ನ ತೋಳು ಹುಡುಕಿಕೊಂಡಿತು.