ಹದಿಮೂರನೇ ಗುಳಿ

ಶುಕ್ರವಾರ, ಜುಮಾ ಮುಗಿದು, ಮೀನುಪೇಟೆಯ ಕಟ್ಟೆ ತೊಳೆದು
ಸೊಹಾರ್ ಕಣ್ಣು ಮುಚ್ಚಿದ ಹೊತ್ತಿಗೆ
ಮೂವರು ಮೆಟ್ಟಿಲೇರಿ ಬರುತ್ತಾರೆ:
ಹುಸೈನಬ್ಬ, ಗಿಲ್ಬರ್ಟ್, ತ್ಯಾಂಪಣ್ಣ.
ಚಪ್ಪಲಿ ಹೊರಗೆ, ನೋಟ್‌ಬುಕ್ಕು ಕಂಕುಳಲ್ಲಿ.
ಅಲ್ಯೂಮಿನಿಯಂ ಕುಲುಮೆಯಲ್ಲಿ ಕೆಲಸ.
ಪರೀಕ್ಷೆ ಪಾಸಾದರೆ ಹೆಲ್ಪರ್ ಹೋಗಿ ಆಪರೇಟರ್,
ತಿಂಗಳಿಗೆ ನಲವತ್ತು ರಿಯಾಲ್ ಹೆಚ್ಚು.

ಗೋಡೆಯ ಚಾರ್ಟು ಶಾಲೆಯಲ್ಲಿ ಬಿಸಾಡಿದ್ದು.
ಕಡಲಗಾಳಿಗೆ ಕೆಳಗಿನ ಎಡಮೂಲೆ ಎದ್ದು
ಫ್ರಾನ್ಸಿಯಂ ಹರಿದುಹೋಗಿದೆ.
ಹೋಗಲಿ, ಇದ್ದರೂ ಅದು
ಇಪ್ಪತ್ತೆರಡು ನಿಮಿಷಕ್ಕೆ ಅರ್ಧ ಕರಗುವ ನೆಂಟ.

"ಚೆನ್ನೆಮಣೆ ಅಂತ ತಿಳಿಯಿರಿ" ಎಂದಿದ್ದೆ ಮೊದಲ ದಿನ,
"ಹದಿನಾಲ್ಕರ ಬದಲು ನೂರ ಹದಿನೆಂಟು ಗುಳಿ,
ಮುಂದಿನ ಗುಳಿಗೆ ಹೋದಂತೆ ಒಂದೊಂದು ಕಾಯಿ ಹೆಚ್ಚು."
"ಗೆಲ್ಲುವುದು ಯಾರು ಟೀಚರೇ?" ಹುಸೈನಬ್ಬ ಕೇಳಿದ.
ಯಾರೂ ಇಲ್ಲ. ಬಲತುದಿಯ ಸಾಲು ಮಾತ್ರ
ಹೊಟ್ಟೆ ತುಂಬಿ ಕೂತಿದೆ, ಯಾರ ಗೊಡವೆಯೂ ಬೇಡವೆಂದು.
ಹೀಲಿಯಂ, ನಿಯಾನ್, ಆರ್ಗಾನ್...
"ನಮ್ಮ ಸೂಪರ್‌ವೈಸರ್" ಎಂದ ಗಿಲ್ಬರ್ಟ್.

ಸೋಡಿಯಂಗೆ ಎರಡಕ್ಷರ: ಎನ್, ಎ.
ತ್ಯಾಂಪಣ್ಣ ಕೂಡಿಸಿ ಓದಿದ: "ನಾ."
ಹೊರಸುತ್ತಿನಲ್ಲಿ ಒಂದೇ ಒಂದು ಕಣ,
ಯಾರಿಗಾದರೂ ಕೊಟ್ಟು ಹಗುರಾಗುವ ತವಕ,
ನೀರು ಕಂಡರೆ ಉರಿಯುವ ಜಾತಿ.
ಸೀಮೆಎಣ್ಣೆಯಲ್ಲಿ ಮುಳುಗಿಸಿಯೇ ಇಡಬೇಕು.
"ಎಣ್ಣೆಯ ದೇಶದಲ್ಲಿ ನಾ" ಎಂದು ತಾನೇ ನಕ್ಕ.
ನಾನು ನಗಲಿಲ್ಲ.
ಹೋಲಿಕೆಗಳು ಪರೀಕ್ಷೆಗೆ ಬರುವುದಿಲ್ಲ.

ಕನ್ನಡ ಹೆಸರಿದ್ದವಕ್ಕೆ ಕನ್ನಡದಲ್ಲೇ ಬರೆಯಿರಿ ಎಂದೆ,
ಕಬ್ಬಿಣ, ತಾಮ್ರ, ಸೀಸ, ಪಾದರಸ.
ಐವತ್ತನೇ ಗುಳಿ ತವರ.
ಮೂವರೂ 'ತವರು' ಎಂದೇ ಬರೆದರು.
ಕೆಂಪು ಪೆನ್ನಿನಲ್ಲಿ
ಮೂರು ಕೊಂಬು ಮುರಿದೆ.

ಆಮೇಲೆ ಹದಿಮೂರು.
"ಅಲ್ಯೂಮಿನಿಯಂ. ವೇಲೆನ್ಸಿ ಮೂರು. ಬಣ್ಣ ಬೆಳ್ಳಿಬಿಳುಪು."
ತ್ಯಾಂಪಣ್ಣ ಕೈ ಎತ್ತಿದ.
ಮಣಿಕಟ್ಟಿನಲ್ಲಿ ಮಾವ ಕೊಟ್ಟ ವಾಚು,
ಕುಲುಮೆಯ ಅಯಸ್ಕಾಂತಕ್ಕೆ ಮೊದಲ ಪಾಳಿಯಲ್ಲೇ
ಮೂರೂ ಇಪ್ಪತ್ತಕ್ಕೆ ನಿಂತದ್ದು. ಬಿಚ್ಚಿಲ್ಲ.
"ಬಿಳುಪಲ್ಲ ಟೀಚರೇ.
ಮೇಲೆ ಬೂದಿಬಣ್ಣದ ಹಕ್ಕಳೆ, ಅದನ್ನು ಒಡೆಯಬೇಕು.
ಒಡೆದರೆ ಒಳಗೆ ಒಂಬೈನೂರ ಅರವತ್ತು ಡಿಗ್ರಿ,
ಹುಬ್ಬಿನ ಕೂದಲು ಸುರುಟುತ್ತದೆ.
ಕರಿದಿಮ್ಮಿ ದಿನಕ್ಕೆ ಬೆರಳಗಲ ಸವೆಯುತ್ತದೆ.
ಲೋಹ ತಳದಲ್ಲಿ, ಕಾಣುವುದಿಲ್ಲ;
ಹೀರಿ ಸುರಿಯುವಾಗ ನೋಡಬೇಕು,
ಕೆಂಪು.
ಪಪ್ಪಾಯಿ ಕೊಯ್ದ ಹಾಗೆ."

ಹತ್ತೊಂಬತ್ತು ವರ್ಷ ಬೋರ್ಡಿನ ಮೇಲೆ
ಆ ಸಮೀಕರಣ ಸರಿದೂಗಿಸಿದವಳು ನಾನು.
ಎಡಕ್ಕೆ ಎರಡು ಅಲ್ಯೂಮಿನ, ಮೂರು ಇಂಗಾಲ,
ಬಲಕ್ಕೆ ನಾಲ್ಕು ಲೋಹ, ಮೂರು ಹೊಗೆ.
ಬೆರಳಿಗೆ ತಾಗಿದ್ದು ಸೀಮೆಸುಣ್ಣ ಮಾತ್ರ.
ನಡುವೆ ಒಂದು ಬಾಣ ಎಳೆಯುತ್ತೇವಲ್ಲ
ಎಡದಿಂದ ಬಲಕ್ಕೆ, ಒಂದೇ ಗೀರಿನಲ್ಲಿ,
ಆ ಬಾಣದೊಳಗೆ ಇವನು ನಿಂತಿದ್ದ
ಮುಖಕ್ಕೆ ಬಟ್ಟೆ ಕಟ್ಟಿಕೊಂಡು,
ಜುಲೈ ತಿಂಗಳಲ್ಲಿ.

ಎರಡು ನಿಮಿಷ ಫ್ಯಾನಿನ ಸದ್ದು.
"ಪೇಪರಿನಲ್ಲಿ ಬೆಳ್ಳಿಬಿಳುಪು ಅಂತಲೇ ಬರೆಯಿರಿ" ಎಂದೆ.
"ಆಯ್ತು" ಎಂದ, ತಲೆ ತಗ್ಗಿಸಿ
ಅಂಚಿನಲ್ಲಿ ಏನೋ ಗೀಚಿಕೊಂಡ.

ಫಲಿತಾಂಶ ಬಂತು. ಹುಸೈನಬ್ಬ ಪಾಸು.
ಗಿಲ್ಬರ್ಟ್ ಮಾರ್ಚಿಯಲ್ಲಿ ಮತ್ತೆ ಕೂರಬೇಕು,
ಆರ್ಗಾನ್‌ನ ಮೇಲೆ ಆಣೆ ಹಾಕಿದ್ದಾನೆ ಬಿಡುವುದಿಲ್ಲವೆಂದು.
ತ್ಯಾಂಪಣ್ಣನೂ ಪಾಸು, ಒಂದು ಅಂಕ ಕಡಿತ:
ಹದಿಮೂರರ ಬಣ್ಣದ ಜಾಗದಲ್ಲಿ
ಕೆಂಪೆಂದು ಬರೆದು ಬಂದಿದ್ದಾನೆ.
"ಮರೆತಿರಾ?"
"ಇಲ್ಲ ಟೀಚರೇ."

ಸಂಜೆ ಬೂತಾಯಿ ಹುರಿದು ತಂದುಕೊಟ್ಟ,
ಫಾಯಿಲ್ ಹಾಳೆಯಲ್ಲಿ ಸುತ್ತಿ, ಇನ್ನೂ ಬಿಸಿ.
ತಿಂದು ಹಾಳೆಯನ್ನು ಬಕೆಟ್ಟಿಗೆ ಹಾಕಹೋದವಳು
ತೊಳೆದು, ಕಲ್ಲಿನ ಕಟ್ಟೆಯ ಮೇಲೆ ಹರಡಿ
ಚಮಚದ ಬೆನ್ನಿನಿಂದ ಸುಕ್ಕು ತೀಡಿದೆ.
ಬೆಳ್ಳಿಬಿಳುಪು, ಅನುಮಾನವೇ ಇಲ್ಲ.
ಮೀನಿನ ವಾಸನೆ ಹೋಗಲಿಲ್ಲ.