ಸೋಮವಾರದ ಗುಳಿಗೆ

ಸಾಂಟಿಯಾಗೊದಿಂದ ಆಕ್ಲೆಂಡಿಗೆ
ಒಂಬತ್ತು ಸಾವಿರದ ಆರುನೂರು ಚಿಲ್ಲರೆ ಕಿಲೋಮೀಟರು,
ಹದಿಮೂರು ತಾಸು, ನಡುವೆ ಬರೀ ನೀರು.
ಹೋಗಿಬರುವುದಕ್ಕೋ? ಕೇಳಿದಳು ಟಿಕೆಟ್ಟಿನವಳು.
ಹೋಗುವುದಕ್ಕೆ, ಅಂದಳು ಓರ್ತೆನ್ಸಿಯಾ.

ಭಾನುವಾರ ರಾತ್ರಿ ಹತ್ತಿದಳು.
ಕೈಚೀಲದಲ್ಲಿ ಏಳು ಮನೆಯ ಗುಳಿಗೆಡಬ್ಬಿ,
ರಕ್ತದೊತ್ತಡಕ್ಕೆ ದಿನಕ್ಕೊಂದು.
ಒಂದು ದಿನವೂ ತಪ್ಪಬಾರದು ಎಂದಿದ್ದರು ಡಾಕ್ಟರು.

ಕೋಳಿಯೋ ಪಾಸ್ತಾವೋ ಎಂದರು, ದೀಪ ಆರಿಸಿದರು.
ಪಕ್ಕದಲ್ಲಿ ಕುರಿಯುಣ್ಣೆ ಕತ್ತರಿಸಲು ಹೊರಟ ಹುಡುಗ
ಅವಳ ಹೆಗಲಿಗೇ ಒರಗಿ ಗೊರಕೆ ಹೊಡೆದ.
ಕಿಟಕಿಯಲ್ಲಿ ಕತ್ತಲೆ, ಅದರಾಚೆಗೂ ಅದೇ.
ಬಟ್ಟೆ ಒಗೆಯದ, ಜಗಳವಾಡದ, ಬೇಳೆ ಹೊತ್ತದ ದಿನವೊಂದು
ರೆಕ್ಕೆಯಡಿ ಸದ್ದಿಲ್ಲದೆ ಜಾರಿತು.

ಇಳಿದಾಗ ಮಂಗಳವಾರ, ನಸುಕಿನ ನಾಲ್ಕು.

ಜೇನು, ಹಣ್ಣು, ಬೀಜ, ಮಣ್ಣು ಮೆತ್ತಿದ ಬೂಟು
ಏನಿದ್ದರೂ ಹೇಳಿಬಿಡಿ ಎಂದ ತಾಮಾತಿ, ಸುಂಕದ ಕಟ್ಟೆಯಲ್ಲಿ.
ಡಬ್ಬಿ ತೆರೆದು ತೋರಿಸಿದಳು.
ಒಂದು ಮನೆ ಇನ್ನೂ ತುಂಬಿತ್ತು.
ಇದು?
ಸೋಮವಾರ. ಬರಲೇ ಇಲ್ಲ.

ಅವನು ನಕ್ಕ.
ಚಿಂತೆ ಬೇಡಮ್ಮ, ವಾಪಸು ಹೋಗುವಾಗ
ಒಂದೇ ದಿನ ಎರಡು ಸಲ ಸಿಗುತ್ತದೆ,
ಆಗ ನುಂಗಿದರಾಯಿತು.

ಓರ್ತೆನ್ಸಿಯಾ ಹೆಬ್ಬೆರಳಿನಿಂದ ಮುಚ್ಚಳ ಒತ್ತಿದಳು.
ಕೂರಲಿಲ್ಲ.
ಇನ್ನೊಮ್ಮೆ ಒತ್ತಿದಳು.