ಇನ್ನೂರು ಪರ್ಸೆಂಟ್

ಮೆಸೇಜು ಬಂದಾಗ
ಯಾರದೋ ಪಹಣಿಯ ನಾಲ್ಕನೇ ಕಾಪಿ ಹೊರಬರುತ್ತಿತ್ತು,
ಬಿಸಿಬಿಸಿ, ದೋಸೆಯ ಹಾಗೆ.
'ಪ್ರಿಯ ಗ್ರಾಹಕರೇ, ಮುಂದಿನ ಬಿಲ್ಲಿನಿಂದ ನಿಮ್ಮ ಬಡ್ಡಿ
ತಿಂಗಳಿಗೆ ಎರಡೂವರೆ ಬದಲು ಮೂರೂಮುಕ್ಕಾಲು.'
ಪ್ರಿಯ ಅಂತೆ.
ಕಟ್ಟಿಕೊಂಡವನೂ ಹಾಗೆ ಕರೆದವನಲ್ಲ.

ಮಂಡ್ಯದ ತಾಲ್ಲೂಕು ಕಚೇರಿ ಎದುರು
ಎಂಟಡಿಗೆ ಆರಡಿ ನನ್ನ ಅಂಗಡಿ.
ಬೋರ್ಡಿನಲ್ಲಿ ಏನೇ ಇರಲಿ, ಎಲ್ಲರಿಗೂ ಜೆರಾಕ್ಸ್ ಅಕ್ಕ.
ಈ ಮಿಷನ್ನೇ ಆ ಕಾರ್ಡಿನ ಕೂಸು.
ಹಳೆಯದು ಹಾಳೆ ನುಂಗಿ ನುಂಗಿ ಸತ್ತ ವಾರ
ಪೆಟ್ರೋಲ್ ಬಂಕಿನಲ್ಲಿ ಟೈ ಕಟ್ಟಿಕೊಂಡು ಬೆವರುತ್ತಿದ್ದ ಹುಡುಗ
'ಫ್ರೀ ಅಕ್ಕಾ, ಲೈಫ್ ಟೈಮ್ ಫ್ರೀ' ಎಂದ.
ಯಾರ ಲೈಫು ಅಂತ ಕೇಳಬೇಕಿತ್ತು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ.
ಕಾರ್ಡು ಬಂದ ದಿನ ಅದರ ಮೇಲೆ ಬೆರಳಾಡಿಸಿದೆ.
ಪುಟ್ಟತಾಯಮ್ಮ ಎಂ. ಕೆ., ಇಂಗ್ಲಿಷಿನಲ್ಲಿ, ಉಬ್ಬಿದ ಅಕ್ಷರ,
ಕಣ್ಣು ಮುಚ್ಚಿದರೂ ಓದಬಹುದು.
ಲಗ್ನಪತ್ರಿಕೆಯಲ್ಲಿ 'ಪಟ್ಟತಾಯಮ್ಮ' ಎಂದು ಅಚ್ಚಾದವಳಿಗೆ
ಅಷ್ಟು ಸಾಕಿತ್ತು.

ಬಾಕಿ ಅರವತ್ತೆರಡು ಸಾವಿರದ ನಾನೂರು.
ತಿಂಗಳಿಗೆ ಏಳುನೂರ ಎಂಬತ್ತು ಹೆಚ್ಚು.
ಕಾಗದ, ಟೋನರು, ಕರೆಂಟು ಕಳೆದು
ಹಾಳೆಗೆ ಉಳಿಯುವುದು ಅರವತ್ತು ಪೈಸೆ.
ಅಂದರೆ ಸಾವಿರದ ಮುನ್ನೂರು ಸಲ
ಆ ಹಸಿರು ಬೆಳಕು ನನ್ನ ಅಂಗೈ ಕೆಳಗೆ ಹಾದುಹೋಗಬೇಕು,
ನನ್ನ ಪಾಲಿಗೆ ಒಂದು ಅರ್ಧ ಟೀ ಕೂಡ ಹುಟ್ಟದೆ.

ನಮ್ಮಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರು.
ನಟ್ಟು ಜಾರಿದರೆ 'ಬಡ್ಡಿಹೈದ', ಲೈಟು ಹೋದರೆ 'ಬಡ್ಡಿಹೈದ',
ಪ್ರೀತಿ ಬಂದರೂ ಅದೇ: 'ಬಾರ್ಲಾ ಬಡ್ಡಿಹೈದ, ಉಂಡ್ಕೊಂಡೋಗು.'
ಬೈಗುಳವೋ ಮುದ್ದೋ
ಕೇಳಿದವರಿಗೆ ಬಿಟ್ಟದ್ದು.
ಆ ಹೈದ ಯಾರೆಂದು ಈಗ ತಿಳಿಯಿತು:
ನಾವು ಮಲಗಿದರೂ ಮಲಗದೆ
ಭಾನುವಾರವೂ ಬೆಳೆಯುವವನು.

ಫೋನು ಮಾಡಿದೆ. ಕನ್ನಡಕ್ಕಾಗಿ ನಾಲ್ಕು ಒತ್ತಿ.
ಒತ್ತಿದೆ. ಸಂಗೀತ.
ಇಪ್ಪತ್ತೆರಡು ನಿಮಿಷ ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು
ಹನ್ನೊಂದು ಜನಕ್ಕೆ ಆಧಾರು ಮಾಡಿಕೊಟ್ಟೆ, ಎರಡೂ ಬದಿ.
ಕೊನೆಗೊಂದು ಹುಡುಗಿ.
'ನಾನು ಒಂದು ದಿನ ತಡ ಮಾಡಿದ್ದೀನಾ?'
'ಇಲ್ಲ ಮೇಡಂ, ನೀವು ಒಳ್ಳೆಯ ಗ್ರಾಹಕರು.'
'ಮತ್ತೆ?'
'ನಿಯಮದಲ್ಲಿದೆ ಮೇಡಂ, ಹಿಂದಿನ ಪುಟ, ಹದಿನೇಳನೇದು.'
ಆಮೇಲೆ, ರೆಕಾರ್ಡಾಗುತ್ತಿದೆಯೆಂದು ತಾನೇ ಹೇಳಿದ್ದವಳು,
ದನಿ ತಗ್ಗಿಸಿ:
'ಅಕ್ಕಾ, ಬರೀ ಮಿನಿಮಮ್ ಕಟ್ಬೇಡಿ. ಕಂತು ಮಾಡ್ಸ್ಕಳಿ.
ಇನ್ಮೇಕೆ ಉಜ್ಜಲೇಬೇಡಿ.'
ಮದ್ದೂರಿನ ಕಡೆಯವಳಿರಬೇಕು.
'ಮಾಡ್ಸ್ಕಳಿ' ಅಂದಳಲ್ಲ.

ಷಟರು ಅರ್ಧ ಇಳಿಸಿ
ಡ್ರಾಯರಿನಿಂದ ಆ ಕಾಗದ ತೆಗೆದೆ.
ಸಾಸಿವೆಗಿಂತ ಸಣ್ಣ ಅಕ್ಷರ, ಬೂದಿಬಣ್ಣ,
ಓದಬಾರದೆಂದೇ ಬರೆದದ್ದು.
ಗಾಜಿನ ಮೇಲೆ ಮಕಾಡೆ ಮಲಗಿಸಿ
ಇನ್ನೂರು ಪರ್ಸೆಂಟ್ ಒತ್ತಿದೆ.
ಬಂದದ್ದನ್ನು ಮತ್ತೆ ಇನ್ನೂರು.
ತುಂಡು ತುಂಡಾಗಿ ಎದ್ದು ನಿಂತಿತು ಹದಿನೇಳನೇದು:
ಯಾವಾಗ ಬೇಕಾದರೂ, ಬ್ಯಾಂಕಿನ ಇಚ್ಛೆಯಂತೆ.
ಇಷ್ಟೇನಾ.
ಇಷ್ಟಕ್ಕೆ ಇಷ್ಟು ಸಣ್ಣಗಾಗಬೇಕಿತ್ತಾ?
ಕೊನೆಯ ಹಾಳೆಯ ಮೂಲೆಯಲ್ಲಿ
ನನ್ನ ಸಹಿಯೂ ದೊಡ್ಡದಾಗಿತ್ತು,
ಬಾಲ ಎಳೆದ 'ಮ್ಮ', ಏನೋ ಗೆದ್ದವಳ ಹಾಗೆ.

ಬೆಳಿಗ್ಗೆ ಷಟರು ಎತ್ತುವ ಮೊದಲೇ ಒಬ್ಬ ಹುಡುಗ.
ಪ್ಯಾನು, ಆಧಾರು, ಅದೇ ಬ್ಯಾಂಕಿನ ಅರ್ಜಿ.
'ಬಿರ್ರನೆ ಅಕ್ಕಾ, ಏಜೆಂಟು ಕಾಯ್ತಾವ್ನೆ.'
'ಹಿಂದಿನ ಪುಟ?'
'ಅದ್ಯಾಕೆ, ಬ್ಯಾಡ.'
ಹೇಳಬಹುದಿತ್ತು. ಹೇಳಿದರೆ ಪಕ್ಕದಂಗಡಿಗೆ ಹೋಗುತ್ತಾನೆ,
ಆರು ರೂಪಾಯಿ ಗಿರಾಕಿ.
ಕಾಸು ಕೇಳದೆ ಹಿಂದಿನ ಪುಟವನ್ನೂ ತೆಗೆದುಕೊಟ್ಟೆ,
ದೊಡ್ಡ ಹಾಳೆಯಲ್ಲಿ, ಇನ್ನೂರಕ್ಕೆ.
ಅವನು ಅದನ್ನು ನಾಲ್ಕಾಗಿ ಮಡಚಿ
ಬೈಕಿನ ಸೀಟಿನ ಇಬ್ಬನಿ ಒರೆಸಿದ,
ಕಿಕ್ ಹೊಡೆದ.

'ಬಡ್ಡಿಹೈದ' ಎಂದೆ.
ಯಾವ ಅರ್ಥದಲ್ಲೋ, ನನಗೂ ಗೊತ್ತಾಗಲಿಲ್ಲ.